ಹತ್ತೊಂಬತ್ತು ದಿನದವಳ ಹೆಸರು

ನಮ್ಮ ಮಗಳಿಗೆ ಇವತ್ತಿಗೆ ಹದಿನಾರು ವಾರ. ಇನ್ನೂ ಹೆಸರಿಲ್ಲ. ತೂಕ ಆರು ಕಿಲೋ ಇನ್ನೂರು ಗ್ರಾಂ, ಎಡಗಿವಿಯ ಹಿಂದೆ ಒಂದು ಕೆಂಪು ಮಚ್ಚೆ, ಮಲಗುವಾಗ ಬಲಗೈ ಮುಷ್ಟಿ ಗಲ್ಲದ ಕೆಳಗೆ. ಇಷ್ಟೆಲ್ಲ ದಿನಚರಿಯಲ್ಲಿ ಬರೆದಿದ್ದೇನೆ, ಹೆಸರಿನ ಜಾಗದಲ್ಲಿ ಮಾತ್ರ 'ಪುಟ್ಟಿ' ಅಂತಿದೆ. ಅವಸರವೇನೂ ಇಲ್ಲ. ಕಾನೂನು ಆರು ತಿಂಗಳ ಸಮಯ ಕೊಟ್ಟಿದೆ. ಈಸ್ಟರ್ ಹಬ್ಬಕ್ಕೆ ಅವಳಪ್ಪ ಸ್ಟೈನಾರ್ ಮೀನಿನ ಹಡಗಿನಿಂದ ಇಳಿದು ಬರುತ್ತಾನೆ, ಆಗ ದೀಕ್ಷಾಸ್ನಾನ. ಪಾದ್ರಿ ತಲೆಗೆ ನೀರು ಹಾಕಿ ಹೆಸರು ಕರೆಯುವ ತನಕ ಅದನ್ನು ಯಾರೂ ಬಾಯಿ ಬಿಟ್ಟು ಹೇಳಬಾರದು. ನನ್ನಮ್ಮ ಹೇಳಿರಲಿಲ್ಲ, ಅವಳಮ್ಮನೂ ಹೇಳಿರಲಿಲ್ಲ.

ಹೇಳಬಾರದು ಅಂದರೆ ಊರು ಸುಮ್ಮನಿರುತ್ತದೆಯೆ? ಅಂಗಡಿಯ ಸಲೋಮೆ ಹಾಲಿನ ಡಬ್ಬ ಕೊಡುವಾಗಲೆಲ್ಲ, "ಪೂರ್ತಿ ಬೇಡ ಕಣೆ, ಮೊದಲನೇ ಅಕ್ಷರ ಹೇಳು ಸಾಕು" ಅನ್ನುತ್ತಾಳೆ. ಮೀನು ಕಾರ್ಖಾನೆಯ ಮೇಸ್ತ್ರಿ ತೋರ್ಬೆರ್ಗುರ್ ಅಂತೂ ಮಗುವಿನ ತಳ್ಳುಗಾಡಿಯೊಳಗೆ ಬಗ್ಗಿ ಹತ್ತು ಹೆಸರು ಒಂದೇ ಉಸಿರಿಗೆ ಹೇಳಿ, ಯಾವುದಕ್ಕೆ ನನ್ನ ಹುಬ್ಬು ಅಲುಗುತ್ತದೆ ಎಂದು ನೋಡುತ್ತಾನೆ. ಕೇಳದೇ ಇದ್ದವಳು ಒಬ್ಬಳೇ, ನಮ್ಮ ಕೆಳಮನೆಯ ಗೀಸ್ಲೀನಾ. ಎಂಬತ್ತೊಂದು ವರ್ಷದವಳು. ಮಗುವಿನ ಕಾಲು ಬೆಚ್ಚಗಿದೆಯಾ ಎಂದು ಮುಟ್ಟಿ ನೋಡುತ್ತಿದ್ದಳು, ಹೆಸರಿನ ಮಾತು ಎತ್ತುತ್ತಿರಲಿಲ್ಲ. ವಯಸ್ಸಾದವರಿಗೆ ಇಂಥ ಕುತೂಹಲ ಉಳಿದಿರುವುದಿಲ್ಲ ಅಂದುಕೊಂಡಿದ್ದೆ. ಎಷ್ಟು ತಪ್ಪಾಗಿ ಅಂದುಕೊಂಡಿದ್ದೆ ಎಂಬುದನ್ನು ಮರೆಯುವ ಮುಂಚೆ ಬರೆದಿಡಬೇಕು.

ಅವಳನ್ನು ನಾನು ಸರಿಯಾಗಿ ಗಮನಿಸಿದ್ದು ಡಿಸೆಂಬರಿನಲ್ಲಿ. ಇಲ್ಲಿನ ತಾಯಂದಿರೆಲ್ಲರ ಹಾಗೆ ನಾನೂ ಮಧ್ಯಾಹ್ನದ ಹೊತ್ತು ಮಗುವಿಗೆ ಉಣ್ಣೆ ಸುತ್ತಿ, ಮನೆ ಹೊರಗೆ ತಳ್ಳುಗಾಡಿಯಲ್ಲಿ ಮಲಗಿಸುತ್ತೇನೆ. ತಣ್ಣನೆ ಗಾಳಿಗೆ ಎರಡು ಗಂಟೆ ಅಲುಗಾಡದೆ ನಿದ್ದೆ ಮಾಡುತ್ತಾಳೆ. ಆ ದಿನ ಕೆಳಮನೆಯ ಕಿಟಕಿ ತೆರೆಯಿತು.

"ಯೋರುನ್, ಇನ್ನಿಪ್ಪತ್ತು ನಿಮಿಷಕ್ಕೆ ಗಾಳಿ ಬಡಗಣದಿಂದ ಬರತ್ತೆ. ಗಾಡೀನ ಗೋಡೆ ಮರೆಗೆ ಎಳ್ಕೋ."

ಆಕಾಶ ತೊಳೆದಿಟ್ಟ ಹಾಗಿತ್ತು. ಫೋನಿನಲ್ಲಿ ನೋಡಿದರೆ ಗಾಳಿಯ ಸುದ್ದಿಯೇ ಇಲ್ಲ. ದೊಡ್ಡವಳ ಮಾತು ಅಂತ ಎಳೆದೆ. ಕಾಫಿ ಕುಡಿದು ಹೊರಗೆ ನೋಡಿದಾಗ ಗಾಡಿ ಮೊದಲು ನಿಂತಿದ್ದ ಜಾಗದಲ್ಲಿ ಹಿಮದ ಪುಡಿ ಗಿರಗಿರನೆ ಸುತ್ತುತ್ತಿತ್ತು.

"ಇಪ್ಪತ್ತೆರಡು ನಿಮಿಷ ಆಯ್ತು" ಅಂದೆ, ಕೆಣಕೋಣ ಅಂತ.

"ನಿನ್ನ ಗಡಿಯಾರ ಮುಂದಿದೆ" ಅಂದಳು. ಮುಂದಿತ್ತು.

ಅವಳ ಬದುಕು ಹೆಚ್ಚೂಕಮ್ಮಿ ಹವಾಮಾನದ ಲೆಕ್ಕವೇ. ಇಪ್ಪತ್ತೊಂದನೇ ವಯಸ್ಸಿಗೆ ಹಿಯಾಲ್ಮಾರ್ ಎಂಬ ಕುರಿ ಸಾಕುವವನನ್ನು ಮದುವೆಯಾಗಿ, ಕಡಲ ಕೊಲ್ಲಿಯ ಬಾಯಿಯಲ್ಲಿರುವ ಒಂಟಿ ಮನೆಗೆ ಬಂದಳು. ಆ ಮನೆಯ ಅಂಗಳದಲ್ಲಿ ಸರ್ಕಾರದ ಒಂದು ಬಿಳಿ ಪೆಟ್ಟಿಗೆ ಇತ್ತು, ಒಳಗೆ ಉಷ್ಣಮಾಪಕ. ಮೂರು ಗಂಟೆಗೊಮ್ಮೆ ಹೋಗಿ ಚಳಿ ಎಷ್ಟು, ಗಾಳಿ ಎತ್ತಲಿಂದ, ಮೋಡ ಎಷ್ಟು ಎತ್ತರದಲ್ಲಿ, ಎದುರು ಬೆಟ್ಟ ಕಾಣುತ್ತಿದೆಯೋ ಇಲ್ಲವೋ ಎಂದು ನೋಡಿ ಬರೆದು, ರಾಜಧಾನಿಗೆ ಫೋನು ಮಾಡಿ ಹೇಳಬೇಕು. ಮೊದಲು ಅವಳತ್ತೆ ನೋಡುತ್ತಿದ್ದಳು. ಆಮೇಲೆ ಇವಳು, ನಲವತ್ತೊಂದು ವರ್ಷ. ಮಗ ಎಬ್ಬಿ ಹುಟ್ಟಿದ ದಿನವೂ ಬೆಳಗ್ಗೆ ಒಂಬತ್ತರದ್ದು ಬರೆದೇ ಹಾಸಿಗೆಗೆ ಹೋದಳಂತೆ. ಬಾಗಿಲು ತೆರೆಯಲಾರದಷ್ಟು ಹಿಮ ಬಿದ್ದ ದಿನಗಳಲ್ಲಿ ಅಡಿಗೆಮನೆ ಕಿಟಕಿಯಿಂದ ಹಾರಿ, ಹಗ್ಗ ಹಿಡಿದು ಪೆಟ್ಟಿಗೆಯ ತನಕ ಹೋಗುತ್ತಿದ್ದಳು. ಕಡಲಲ್ಲಿರುವ ದೋಣಿಗಳು ಆ ಅಂಕಿ ನಂಬಿ ದಿಕ್ಕು ಬದಲಾಯಿಸುತ್ತಿದ್ದವು. ಸ್ಟೈನಾರ್‌ನ ಅಜ್ಜ ಅವಳ ಅಂಕಿ ಕೇಳಿ ಒಮ್ಮೆ ಅರ್ಧ ದಾರಿಯಿಂದ ಹಿಂದಿರುಗಿದ್ದ. ಅದನ್ನು ನಾನು ಹೇಳಿದರೆ, "ಅಂಕಿ ನಂದಲ್ಲ, ಗಾಳೀದು" ಅಂದು ಬೇರೆ ಮಾತಿಗೆ ಹೋಗುತ್ತಾಳೆ.

ಹಿಯಾಲ್ಮಾರ್ ತೀರಿಕೊಂಡ ವರ್ಷವೇ ಆ ಅಂಗಳಕ್ಕೆ ತಾನೇ ಬರೆದುಕೊಳ್ಳುವ ಯಂತ್ರ ಬಂತು. ಗೀಸ್ಲೀನಾ ಊರಿಗೆ ಬಂದು ನಮ್ಮ ಕೆಳಗೆ ಮನೆ ಮಾಡಿದಳು. ಎಬ್ಬಿ ಇದೇ ಬಂದರಿನ ದೋಣಿಯವನು, ಭಾನುವಾರ ಅವಳ ಕೈ ಕುರಿಮಾಂಸ ತಿನ್ನಲು ಬರುತ್ತಾನೆ. ಪ್ರತಿದಿನ ಬೆಳಗ್ಗೆ ಏಳಕ್ಕೆ ಅವಳು ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆ ತನಕ ಮುಳುಗಿ ಕೂತಿರುತ್ತಾಳೆ. ಊರಿನ ಸುದ್ದಿ ಎಲ್ಲ ಹುಟ್ಟುವುದು, ಸಾಯುವುದು ಆ ತೊಟ್ಟಿಯಲ್ಲೇ.

ಜನವರಿ ಕೊನೆಯಲ್ಲಿ, ಎರಡು ತಿಂಗಳು ಬೆಟ್ಟದ ಹಿಂದೆ ಅಡಗಿದ್ದ ಸೂರ್ಯ ಮರಳಿ ಬಂದ ದಿನ, ಎಲ್ಲ ಮನೆಯಲ್ಲೂ ತೆಳು ದೋಸೆ ಹುಯ್ದು ಕಾಫಿ ಕುಡಿಯುವ ಪದ್ಧತಿ. ಅವತ್ತು ಗೀಸ್ಲೀನಾ ತಟ್ಟೆ ತುಂಬ ದೋಸೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ದೋಸೆಯ ತಟ್ಟೆ ಇಟ್ಟು, ಕುಳಿತುಕೊಳ್ಳದೆ ಕೇಳಿದಳು.

"ನಿಂಗೆ ಕಂಪ್ಯೂಟರಲ್ಲಿ ಅರ್ಜಿ ತುಂಬೋಕೆ ಬರತ್ತಲ್ವಾ?"

"ಏನು ಅರ್ಜಿ?"

"ಹೆಸರಿಂದು."

"ಯಾರಿಗೆ?"

"ನಂಗೆ. ಎಂಬತ್ತು ದಾಟಿದ ಮೇಲೆ ಕೊಡಲ್ವಂತಾ?"

ನನಗೆ ನಗು ಬಂದದ್ದು ನಿಜ. ನಮ್ಮ ದೇಶದಲ್ಲಿ ಹೆಸರುಗಳಿಗೊಂದು ಪಟ್ಟಿ ಇದೆ. ಅದರಲ್ಲಿ ಇಲ್ಲದ ಹೆಸರು ಬೇಕೆಂದರೆ ಹೆಸರಿನ ಸಮಿತಿಗೆ ಬರೆದು ಒಪ್ಪಿಗೆ ಪಡೆಯಬೇಕು. ಆಗಾಗ ಹೊಸದಾಗಿ ಒಪ್ಪಿದವು ಪತ್ರಿಕೆಯಲ್ಲಿ ಬರುತ್ತವೆ, ಜನ ಓದಿ ಮೂಗು ಮುರಿಯುತ್ತಾರೆ, ಹತ್ತು ವರ್ಷದಲ್ಲಿ ಅದೇ ಹೆಸರಿನ ಮಕ್ಕಳು ಶಾಲೆ ತುಂಬ ಓಡಾಡುತ್ತವೆ. ಅರ್ಜಿ ಹಾಕುವುದು ನನ್ನ ವಯಸ್ಸಿನ ತಾಯಂದಿರು.

"ಗೀಸ್ಲೀನಾ ಅನ್ನೋದು ಸಾಕಾಯ್ತಾ?" ಅಂದೆ.

ಆಗ ಕುಳಿತಳು. ನನ್ನ ತೊಡೆಯ ಮೇಲಿದ್ದ ಪುಟ್ಟಿಯನ್ನು ಕೊಡೆಂದು ಕೈ ಚಾಚಿದಳು. ಮಗುವನ್ನು ಎತ್ತಿಕೊಂಡ ಮೇಲೆ ಹೇಳಿದಳು, ಹವಾಮಾನ ಹೇಳುವ ಅದೇ ದನಿಯಲ್ಲಿ.

ಸಾವಿರದ ಒಂಬೈನೂರ ಅರವತ್ತಾರು, ಡಿಸೆಂಬರ್ ಎರಡು. ಹೆಣ್ಣು ಮಗು. ಇಪ್ಪತ್ತಮೂರು ವರ್ಷದ ತಾಯಿಗೆ ಮೊದಲನೆಯದು. ಸೂರ್ಯ ಇಲ್ಲದ ತಿಂಗಳು. ಆದರೆ ಹೊರಗೆ ಹಿಮ ಎಷ್ಟು ಬಿದ್ದಿತ್ತೆಂದರೆ, ಹಗಲಿನ ಮೂರು ನಾಲ್ಕು ಗಂಟೆ ನೆಲವೇ ಬೆಳಗುತ್ತಿತ್ತು. ಕಿಟಕಿಯಿಂದ ಒಳಗೆ ಬಂದ ಆ ಬೆಳಕು ಕೆಳಗಿನಿಂದ ಮೇಲಕ್ಕೆ ಹೋಗಿ ಸೂರಿನ ಮೇಲೆ ಬೀಳುತ್ತಿತ್ತು. ಮಗು ಹಾಲು ಕುಡಿದು ಮಲಗಿಕೊಂಡು ಅದನ್ನೇ ನೋಡುತ್ತಿತ್ತು.

"ಆ ವಯಸ್ಸಿನ ಕೂಸಿಗೆ ಏನೂ ಕಾಣಲ್ಲ ಅಂತಾರೆ. ಅವಳಿಗೆ ಕಾಣ್ತಿತ್ತು. ನಾನು ಪಕ್ಕದಲ್ಲೇ ಇದ್ದೆನಲ್ಲ."

ಮೂರನೇ ದಿನಕ್ಕೆ ಅವಳ ಮನಸ್ಸಿನಲ್ಲಿ ಹೆಸರು ಗಟ್ಟಿಯಾಯಿತು. ಅಂಥ ಹೆಸರು ದೇಶದಲ್ಲಿ ಯಾರಿಗೂ ಇರಲಿಲ್ಲ. ಪಾದ್ರಿ ಒಪ್ಪುತ್ತಾನೋ ಇಲ್ಲವೋ ಎಂಬ ಅಳುಕು ಇತ್ತು. ಕ್ರಿಸ್ಮಸ್ಸಿಗೆ ಮುಂಚೆ ಬರುತ್ತೇನೆಂದು ಆತ ಫೋನಿನಲ್ಲಿ ಹೇಳಿದ್ದ. ಹಿಮ ದಾರಿ ಮುಚ್ಚಿತು. ಒಂದು ವಾರ, ಇನ್ನೊಂದು ವಾರ. ಮಗು ಚೆನ್ನಾಗಿತ್ತು, ಕೆನ್ನೆ ತುಂಬಿಕೊಂಡಿತ್ತು, ಹಾಗಾಗಿ ಯಾರಿಗೂ ಆತುರ ಇರಲಿಲ್ಲ.

"ಹತ್ತೊಂಬತ್ತನೇ ದಿನ ಮಧ್ಯಾಹ್ನ ಹಿಯಾಲ್ಮಾರ್ ಕುರಿಗಳಿಗೆ ಹುಲ್ಲು ಹಾಕಿ ಒಳಗೆ ಬಂದ. ತೊಟ್ಟಿಲ ಹತ್ತಿರ ನಿಂತ್ಕೊಂಡು, ಗೀಸ್ಲಾ, ಪಾದ್ರಿ ಬರೋದು ಯಾವಾಗ್ಲೋ ಏನೋ, ಇವಳನ್ನ ಏನಂತ ಕರೀಲಿ ಹೇಳು, ಅಂದ. ಕಿವೀಲಿ ಹೇಳು ಸಾಕು, ಅಂದ."

"ಹೇಳಿದ್ಯಾ?"

"ಪಾದ್ರಿ ಬರಲಿ, ಅಂದೆ."

ಆ ಸಂಜೆ ಮಗು ನಿದ್ದೆಯಲ್ಲೇ ಹೋಯಿತು. ಕಾಯಿಲೆಯಿಲ್ಲ, ಅಳಲಿಲ್ಲ. ಆಗ ಹಾಗೆ ಹೋಗುವುದಕ್ಕೆ ಒಂದು ಪದವೂ ಇರಲಿಲ್ಲ. ಚರ್ಚಿನ ಪುಸ್ತಕದಲ್ಲಿ 'ಹುಡುಗಿ, ದೀಕ್ಷೆಯಾಗಿಲ್ಲ' ಎಂದು ಬರೆದರು. ಕಲ್ಲಿನ ಮೇಲೆ 'ಹುಡುಗಿ, ಹಿಯಾಲ್ಮಾರನ ಮಗಳು' ಎಂದು ಕೆತ್ತಿದರು. ಆ ಮೇಲೆ ಹಿಯಾಲ್ಮಾರ್ ಯಾವತ್ತೂ ಕೇಳಲಿಲ್ಲ. ಇವಳೂ ಹೇಳಲಿಲ್ಲ. ನೀರು ಬೀಳದ ಹೆಸರನ್ನು ಈಗ ಹೇಳಿದರೆ ಅವನ ಎದೆ ಒಡೆದೀತು ಎಂದು ಒಂದು ವರ್ಷ, ಇಷ್ಟು ದಿನ ಬಿಟ್ಟು ಈಗ ಹೇಳುವುದು ಹೇಗೆಂದು ಮುಂದಿನ ವರ್ಷ. ಹೀಗೆ ಅವನು ಹೋಗುವ ತನಕ ನಲವತ್ತಮೂರು ವರ್ಷ. ಎಬ್ಬಿಗೆ ಅಕ್ಕ ಇದ್ದಳೆಂದು ಗೊತ್ತು, ಕಲ್ಲು ನೋಡಿದ್ದಾನೆ. ಅಷ್ಟೇ.

ಮಗುವಿನ ಮುಷ್ಟಿಯೊಳಗೆ ಅವಳ ತೋರುಬೆರಳಿತ್ತು.

"ಒಂದಿನ ಪೇಪರಲ್ಲಿ ಹೊಸ ಹೆಸರುಗಳ ಪಟ್ಟಿ ಓದ್ತಾ ಇದ್ದೆ" ಅಂದಳು. "ಪಾಚಿ ಅಂತ ಹೆಸರು ಕೊಟ್ಟವ್ರೆ. ಕೊಡಲಿ, ಪಾಚಿ ಚೆನ್ನಾಗೇ ಇರತ್ತೆ. ಹಾಗಾದ್ರೆ ನಂದನ್ನೂ ಕೇಳಬಹುದಲ್ಲ ಅನ್ನಿಸ್ತು. ವಿಚಾರಿಸಿದೆ. ಸತ್ತವರಿಗೆ ಅರ್ಜಿ ಇಲ್ವಂತೆ. ಬದುಕಿರೋರು ಯಾರಾದ್ರೂ ಹೊರಬೇಕು. ಸರಿ, ನಾನೇ ಹೊರ್ತೀನಿ, ಗೀಸ್ಲೀನಾ ಪಕ್ಕದಲ್ಲಿ ಇನ್ನೊಂದು."

"ಕೊಡದೇ ಇದ್ರೆ?"

"ಕೊಡದೇ ಇದ್ರೆ ಐವತ್ತೆಂಟು ವರ್ಷ ನಾನು ಇಟ್ಕೊಂಡಿದ್ದು ಹೆಸರಲ್ಲ ಅಂತಾಯ್ತು. ಬರೀ ಒಂದು ಮಾತು. ಕೊಟ್ರೆ ಅವಳಿಗೆ ಹೆಸರಿತ್ತು ಅಂತಾಯ್ತು."

ಅರ್ಜಿಯಲ್ಲಿ ತುಂಬಲು ಹೆಸರು ಬೇಕಲ್ಲ. ಬಾಯಲ್ಲಿ ಹೇಳಲು ಒಪ್ಪಲಿಲ್ಲ. ಹವಾಮಾನದ ಹಳೆಯ ಹಾಳೆಯೊಂದನ್ನು ಜೇಬಿನಿಂದ ತೆಗೆದು, ಹಿಂದುಗಡೆ ಬರೆದು ನನ್ನ ಕಡೆ ತಳ್ಳಿದಳು. ನಾನು ಓದಿದೆ. ತುಟಿ ಅಲುಗದಂತೆ ಓದಿದೆ. ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಹಾಕಿದೆ. ಅರ್ಥ ಏನೆಂದು ಬರೆಯುವ ಜಾಗವಿತ್ತು. "ಸೂರ್ಯನಿಲ್ಲದಾಗ ನೆಲದ ಹಿಮದಿಂದ ಎದ್ದು ಮನೆಯೊಳಗೆ ಬರುವ ಬೆಳಕು, ಅಂತ ಹಾಕು" ಅಂದಳು. ಹಾಗೇ ಹಾಕಿದೆ.

ಹಾಳೆ ತಿರುಗಿಸಿದರೆ ಅದು ಸಾವಿರದ ಒಂಬೈನೂರ ಎಂಬತ್ತರ ಡಿಸೆಂಬರಿನದ್ದು. ಇಪ್ಪತ್ತೊಂದನೇ ತಾರೀಖಿನ ಸಾಲಿನಲ್ಲಿ, ಚಳಿ ಗಾಳಿಗಳ ಅಂಕಿ ಆದ ಮೇಲೆ, ಷರಾ ಬರೆಯುವ ಕಡೆ 'ಹಿಮದಿಂದ ಬೆಳಕು' ಎಂದಿತ್ತು.

"ಪ್ರತಿ ವರ್ಷ ಆ ತಾರೀಖಿಗೆ ಬರೀತಿದ್ದೆ" ಅಂದಳು. "ಒಂದ್ಸಲ ರಾಜಧಾನಿಯಿಂದ ಒಬ್ಬ ಫೋನ್ ಮಾಡಿ, ಇದೇನು ವಿಶೇಷ ಗೀಸ್ಲೀನಾ, ನಿಮ್ಮ ಕಡೆ ಮಾತ್ರ ಆಗೋದಾ, ಅಂದ. ಹೂಂ, ನಮ್ಮ ಮನೇಲಿ ಮಾತ್ರ, ಅಂದೆ. ಬರ್ಕೊಂಡ."

ನಲವತ್ತೊಂದು ಚಳಿಗಾಲಗಳ ಹವಾಮಾನದ ಕಡತದಲ್ಲಿ, ಬಿರುಗಾಳಿಗಳ ನಡುವೆ, ಒಂದು ಹಸುಗೂಸು ಮಲಗಿದೆ. ಯಾರಿಗೂ ಗೊತ್ತಿಲ್ಲ. ಆ ಹಾಳೆ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ದೋಸೆ ಆರಿಹೋಗಿತ್ತು.

ಒಂದು ಮಾತು ಆಡಿ ಬೈಸಿಕೊಂಡದ್ದನ್ನೂ ಬರೆಯಬೇಕು. ಅವಳು ಏಳುವಾಗ, "ಬೇಕಾದ್ರೆ ನಮ್ಮ ಪುಟ್ಟಿಗೆ ಅದೇ ಹೆಸರು ಇಡ್ತೀವಿ" ಅಂದುಬಿಟ್ಟೆ.

"ಬೇಡ" ಅಂದಳು. "ಅದಕ್ಕೆ ಒಡತಿ ಇದ್ದಾಳೆ. ನಿನ್ನ ಮಗಳಿಗೆ ನೀನು ಹುಡುಕು. ಸೋಮಾರಿ."

ಅವಳು ಕೆಳಗೆ ಹೋದ ಕೂಡಲೇ ಹಡಗಿಗೆ ಫೋನು ಹಚ್ಚಿದೆ. ಸ್ಟೈನಾರ್ ಬಲೆಯ ಹತ್ತಿರ ಇದ್ದನಂತೆ, ಓಡಿ ಬಂದು ಏನಾಯ್ತು ಏನಾಯ್ತು ಅಂತ ಹೆದರಿದ. ಹೆಸರು ನೀನೇ ಆರಿಸು, ದೀಕ್ಷೆಯ ದಿನ ಎಲ್ಲರ ಜೊತೆ ಕೇಳ್ತೀನಿ, ಅಂತ ಪಂಥ ಕಟ್ಟಿದ್ದವನು. ನಾನು ಫೋನಿಗೆ ಬಾಯಿ ಹತ್ತಿರ ಇಟ್ಟು, ಮನಸ್ಸಿನಲ್ಲೇ ಆರಿಸಿಟ್ಟಿದ್ದ ಪುಟ್ಟಿಯ ಹೆಸರು ಹೇಳಿದೆ. "ಇನ್ನೊಂದು ಸಲ ಹೇಳು" ಅಂದ. ಹೇಳಿದೆ. ಇಲ್ಲಿ ಮಾತ್ರ ಬರೆಯುವುದಿಲ್ಲ, ಈಸ್ಟರ್ ತನಕ ಕಾಯಬೇಕು.

ಅರ್ಜಿಯ ಸುದ್ದಿ ಮೂರು ದಿನದಲ್ಲಿ ಊರಿಗೆ ಗೊತ್ತಾಯಿತು. ಫೋನಿನಲ್ಲಿ ಸಹಿ ಹಾಕುವುದು ಹೇಗೆಂದು ಗೀಸ್ಲೀನಾ ಸಲೋಮೆಯನ್ನು ಕೇಳಿದ್ದಳು, ಅಲ್ಲಿಂದ ಹೊರಬಿತ್ತು. ಯಾವ ಹೆಸರು, ಯಾಕೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಪುಟ್ಟಿಯನ್ನು ಈಜುಕೊಳದಲ್ಲಿ ಕೆಲಸ ಮಾಡುವ ಹುಡುಗಿಯರ ಬಳಿ ಬಿಟ್ಟು ನಾನೂ ವಾರಕ್ಕೆರಡು ಬೆಳಗ್ಗೆ ತೊಟ್ಟಿಗೆ ಹೋಗುತ್ತಿದ್ದೆ, ಬೆನ್ನುನೋವಿಗೆ. ತೋರ್ಬೆರ್ಗುರ್ ಬಿಡುತ್ತಿರಲಿಲ್ಲ.

"ಏನು ಗೀಸ್ಲೀನಾ, ಹೊಸ ಗಂಡ ಸಿಕ್ಕಿದ್ನಾ, ಹೊಸ ಹೆಸರು?"

"ನಿನ್ನಂಥವನು ಸಿಕ್ಕಿದ್ರೆ ಹೆಸರೇನು, ಊರೇ ಬದಲಾಯಿಸ್ತಿದ್ದೆ."

"ಅವಳಿಗೆ ಪೊಲೀಸರ ಕಾಟ ಇರಬೇಕು" ಅಂದಳು ಸಲೋಮೆ. "ಎಂಬತ್ತೊಂದನೇ ವಯಸ್ಸಲ್ಲಿ ತಲೆಮರೆಸ್ಕೊಳ್ತಿದ್ದಾಳೆ."

ಗೀಸ್ಲೀನಾ ಎಲ್ಲರ ಜೊತೆ ನಗುತ್ತಿದ್ದಳು. ಆದರೆ ಫೆಬ್ರವರಿ ಮುಗಿಯುವ ಹೊತ್ತಿಗೆ ಅವಳ ಕುತ್ತಿಗೆಯ ಎಲುಬು ಎದ್ದು ಕಾಣತೊಡಗಿತ್ತು. ದಿನಕ್ಕೆರಡು ಸಲ ಮೇಲೆ ಬಂದು, "ಏನಾದ್ರೂ ಬಂತಾ?" ಅನ್ನುತ್ತಿದ್ದಳು. ಉತ್ತರ ನನ್ನ ವಿಳಾಸಕ್ಕೆ ಬರಬೇಕಿತ್ತು. ಬಂದಿರಲಿಲ್ಲ. ಒಂದು ಮಧ್ಯಾಹ್ನ ಕಿಟಕಿಯಿಂದ ಗಾಳಿಯ ದಿಕ್ಕು ಹೇಳಿದಳು, ತಪ್ಪಾಗಿತ್ತು. ಗಾಳಿ ಬೇರೆ ಕಡೆಯಿಂದ ಬಂದು ಗಾಡಿಯ ಹೊದಿಕೆ ಹಾರಿಸಿತು. ನಾನು ಓಡಿ ಹೋಗಿ ಹೊದಿಕೆ ಹಿಡಿದೆ. ಅವಳು ಕಿಟಕಿ ಮುಚ್ಚಿಕೊಂಡಳು. ಆ ದಿನ ನನಗೆ ನಿಜವಾಗಿ ಭಯವಾಯಿತು. ನನ್ನ ಕೈಯಲ್ಲೇ ತುಂಬಿಸಿ ಕಳಿಸಿದ ಅರ್ಜಿ. ಇಲ್ಲ ಎಂದು ಬಂದರೆ ಅದನ್ನು ಅವಳಿಗೆ ಓದಿ ಹೇಳಬೇಕಾದವಳೂ ನಾನೇ.

ಮೊನ್ನೆ ಮಂಗಳವಾರ ಬೆಳಗ್ಗೆ ಏಳೂಕಾಲು. ಇನ್ನೂ ಅರೆಬೆಳಕು. ತೊಟ್ಟಿಯಲ್ಲಿ ನಾವು ನಾಲ್ವರೇ: ಗೀಸ್ಲೀನಾ, ಸಲೋಮೆ, ತೋರ್ಬೆರ್ಗುರ್, ನಾನು. ತಲೆ ಮೇಲೆ ಹಿಮ ಉದುರುತ್ತಿತ್ತು, ಕೆಳಗೆ ನೀರು ಹಬೆಯಾಡುತ್ತಿತ್ತು. ತೋರ್ಬೆರ್ಗುರ್ ಎಂದಿನ ಹಾಗೆ ಕೈ ಎತ್ತಿ ಹಿಡಿದು ಫೋನಿನಲ್ಲಿ ಪತ್ರಿಕೆ ಓದುತ್ತಿದ್ದ.

"ಬಂತು ನೋಡಿ, ಹೊಸ ಹೆಸರುಗಳು" ಅಂದ. "ಕೇಳಿ ಕೇಳಿ. ಬ್ರಿಮೂಲ್ವುರ್, ಗಂಡು. ಅಲೆಯ ನೊರೆಯಲ್ಲಿರೋ ತೋಳ ಅಂತೆ. ಪಾಪ, ಆ ಕೂಸು ಇನ್ನೂ ಚಡ್ಡೀಲಿ ಉಚ್ಚೆ ಹೊಯ್ತಿರತ್ತೆ."

"ಬೆಳೆದು ದೊಡ್ಡದಾಗತ್ತೆ ಬಿಡು" ಅಂದಳು ಸಲೋಮೆ.

"ಥೋಕಾ, ಹೆಣ್ಣು. ಕಡಲ ಮೇಲಿನ ದಟ್ಟ ಮಂಜು."

"ಅವಳನ್ನ ಮದುವೆ ಆಗೋನು ದಾರಿ ತಪ್ಪಿಸ್ಕೊಳ್ತಾನೆ."

ಗೀಸ್ಲೀನಾಳ ಕಡೆ ನೋಡಲಾಗಲಿಲ್ಲ. ನೀರಿನಡಿಯಲ್ಲಿ ಅವಳ ಕೈ ಬಂದು ನನ್ನ ಮೊಣಕೈ ಹಿಡಿಯಿತು.

"ಇನ್ನೊಂದಿದೆ" ಅಂದ ತೋರ್ಬೆರ್ಗುರ್, ಕನ್ನಡಕದ ಮೇಲಿನ ಹಿಮ ಒರೆಸಿಕೊಂಡು. "ಸ್ನೈಬಿರ್ತಾ. ಹೆಣ್ಣು. ಹಿಮದಿಂದ ಬರೋ ಬೆಳಕು."

ಏನಾದರೂ ತಮಾಷೆ ಮಾಡಲು ಬಾಯಿ ತೆರೆದ. ಮಾಡಲಿಲ್ಲ. "ಇದು ಚೆನ್ನಾಗಿದೆ" ಅಂದ.

ಐವತ್ತೆಂಟು ವರ್ಷ ಮೂರು ತಿಂಗಳು. ಆ ಹೆಸರನ್ನು ಭೂಮಿಯ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದವನು ಎದೆಗೂದಲಿಗೆ ಹಿಮ ಅಂಟಿಸಿಕೊಂಡು ಕೂತಿದ್ದ ಮೀನು ಕಾರ್ಖಾನೆಯ ಮೇಸ್ತ್ರಿ. ಅದಕ್ಕೆ ಚರ್ಚಾಗಲಿ, ಹಾಡಾಗಲಿ ಬೇಕೆಂದು ಅನ್ನಿಸಲೇ ಇಲ್ಲ.

"ಇನ್ನೊಂದ್ಸಲ ಓದು" ಅಂದಳು ಗೀಸ್ಲೀನಾ.

"ಸ್ನೈಬಿರ್ತಾ" ಅಂದ ಅವನು. ಆಮೇಲೆ ಫೋನು ಕೆಳಗಿಳಿಸಿ ಅವಳನ್ನು ನೋಡಿದ. "ಓ, ಇದು ನಿಂದಾ?"

"ನನ್ನ ಮಗಳದ್ದು."

ಸಲೋಮೆಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಅವಳ ಅಮ್ಮ ಕೊಲ್ಲಿಯ ಆ ಬದಿಯವಳು, ಆ ಚಿಕ್ಕ ಕಲ್ಲು ಅವಳಿಗೆ ಗೊತ್ತು. "ಆ ಹುಡುಗಿ" ಅಂದಳು ಮೆಲ್ಲಗೆ. "ಕಲ್ಲಿನ ಮೇಲೆ ಬರೀ ಹುಡುಗಿ ಅಂತ ಇದೆಯಲ್ಲ, ಅವಳದ್ದಾ?" ಗೀಸ್ಲೀನಾ ತಲೆಯಾಡಿಸಿದಳು. ಸಲೋಮೆ ನೀರಿನಿಂದ ಕೈ ಎತ್ತಿ ಮುಖ ಒರೆಸಿಕೊಂಡು, "ಸ್ನೈಬಿರ್ತಾ" ಅಂದಳು, ಹೊಸ ಮಗುವನ್ನು ಎತ್ತಿಕೊಂಡಾಗ ಹೇಳುವ ಹಾಗೆ. ತಿಂಗಳಿಗೂ ಹೆಚ್ಚು ಕಾಲದಿಂದ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದ ನಾನೂ ಹೇಳಿದೆ. ದೀಕ್ಷೆಯ ದಿನ ನೆಂಟರಿಷ್ಟರು ಸುತ್ತ ನಿಂತು ಹೆಸರು ಬಾಯಿಗೆ ತಂದುಕೊಂಡು ನೋಡುತ್ತಾರಲ್ಲ, ಹಾಗೆ.

ಎಲ್ಲರದ್ದೂ ಆದ ಮೇಲೆ ಗೀಸ್ಲೀನಾ ಹೇಳಿದಳು. ಮೊದಲ ಸಲ ದನಿ ಹೊರಡಲಿಲ್ಲ. ಎರಡನೇ ಸಲ ಹೊರಟಿತು. ಅವಳ ಕಣ್ಣು ಒಣಗಿಯೇ ಇತ್ತು, ಅತ್ತದ್ದು ತೋರ್ಬೆರ್ಗುರ್.

"ಗಂಟೆ ಎಷ್ಟು?" ಅಂದಳು.

"ಏಳೂವರೆ."

"ಎಬ್ಬಿ ಎಂಟಕ್ಕೆ ದೋಣಿ ಬಿಡ್ತಾನೆ" ಅಂದು ಕಂಬಿ ಹಿಡಿದು ಎದ್ದಳು. ತಲೆ ಒಣಗಿಸಿಕೊಂಡು ಹೋಗು ಎಂದು ಸಲೋಮೆ ಕೂಗಿದ್ದನ್ನು ಕೇಳಿಸಿಕೊಳ್ಳಲಿಲ್ಲ. ನಾನು ಪುಟ್ಟಿಗೆ ಟೋಪಿ ಹಾಕಿ ಗಾಡಿಯಲ್ಲಿ ಮಲಗಿಸಿ ಹೊರಗೆ ಬರುವಷ್ಟರಲ್ಲಿ ಅವಳು ಬಂದರಿನ ಕಟ್ಟೆಯ ಮೇಲೆ ಅರ್ಧ ದೂರ ಹೋಗಿದ್ದಳು, ಒದ್ದೆ ಕೂದಲು ಹಿಮಗಟ್ಟಿ ಬೆಳ್ಳಗೆ ನಿಂತಿತ್ತು. ಎಬ್ಬಿ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಅಮ್ಮನನ್ನು ಕಂಡು ನೆಟ್ಟಗಾದ. ಅವಳು ಕಟ್ಟೆಯ ಅಂಚಿಗೆ ಬಂದು ಬಗ್ಗಿ ಏನೋ ಹೇಳಿದಳು. ಎಂಜಿನ್ನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಕಿವಿಗೆ ಕೈ ಇಟ್ಟ.

ಒಳಗೆ ಹೋಗಿ ಎಂಜಿನ್ ನಿಲ್ಲಿಸಿ ಬಂದು, ಅಮ್ಮನ ಮುಂದೆ ಟೋಪಿ ತೆಗೆದು ನಿಂತ.